ಅವರು ಸಂಜೆ ನಡೆದು ಹೋಗುತ್ತಿದ್ದ ಮನೆ

ನಾನು, ಈ ಪ್ರಕರಣದ ಆರೋಪಿಯ ಹೆಂಡತಿ, ವಯಸ್ಸು 46 ವರ್ಷ, ಬಟ್ಟೆ ಹೊಲಿಯುವ ಕೆಲಸ, ವಾಸ ಬಸ್ ಡಿಪೋ ಹಿಂದಿನ ರಸ್ತೆ, ಮೊದಲ ಮಹಡಿ. ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ ಬಸ್ ಚಾಲಕರು. ಹೋದ ವರ್ಷ ಪಾರ್ಶ್ವವಾಯು ಬಡಿದು ಅವರ ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಆಸ್ಪತ್ರೆಯಿಂದ ಬಂದ ಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಆಗ ಆಸ್ಪತ್ರೆಯವರು ಒಬ್ಬ ಫಿಸಿಯೋಥೆರಪಿಸ್ಟ್ ಮೇಡಂ ಅವರನ್ನು ಮನೆಗೆ ಕಳುಹಿಸಿದರು. ಪಿರ್ಯಾದುದಾರರು ಅವರೇ. ಅವರು ನನ್ನನ್ನು ಅಕ್ಕ ಎನ್ನುತ್ತಾರೆ. ನನ್ನ ಗಂಡನ ಎರಡೂ ಕೈ ಹಿಡಿದು, ತಾವು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಅವರನ್ನು ಮುಂದಕ್ಕೆ ನಡೆಸುತ್ತಿದ್ದರು. ಕಟ್ಟಿಕೊಂಡವಳು ಹೇಳಿದರೆ ಮಗ್ಗುಲು ಬದಲಿಸದವರು ಮೇಡಂ ಚಪ್ಪಲಿ ಸದ್ದಿಗೇ ಎದ್ದು ಕೂರುತ್ತಾರೆ ಎಂದು ನಾನೇ ಅಕ್ಕಪಕ್ಕದವರಿಗೆ ಹೇಳಿ ನಗುತ್ತಿದ್ದೆ.

ಐದು ತಿಂಗಳಿಗೆ ಕೋಲು ಹಿಡಿದು ಒಬ್ಬರೇ ನಡೆಯುವಂತಾದರು. ಇನ್ನು ತಾವು ಬರಬೇಕಾಗಿಲ್ಲ ಎಂದು ಹೇಳಿ ಮೇಡಂ ಬರುವುದು ನಿಲ್ಲಿಸಿದರು. ಅಂದಿನಿಂದ ನನ್ನ ಗಂಡ ಸಂಜೆ ಇಸ್ತ್ರಿ ಶರ್ಟು ಹಾಕಿಕೊಂಡು ವಾಕಿಂಗ್ ಹೋಗತೊಡಗಿದರು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬಲಗೈಯಲ್ಲಿ ಗುಂಡಿ ಹಾಕಲು ಬಾರದ್ದರಿಂದ ದಿನವೂ ನಾನೇ ಹಾಕಿ ಕಳುಹಿಸುತ್ತಿದ್ದೆ.

ಕಳೆದ ತಿಂಗಳು ಮೇಡಂ ನನ್ನ ಹೊಲಿಗೆ ಅಂಗಡಿಗೆ ಬಂದರು. ಕೂರಿ ಎಂದರೂ ಕೂರಲಿಲ್ಲ. ನನ್ನ ಗಂಡ ದಿನವೂ ತಮ್ಮ ಮನೆ ಎದುರು ನಿಲ್ಲುತ್ತಾರೆಂದೂ, ಬೇರೆ ಬೇರೆ ನಂಬರಿನಿಂದ ಫೋನ್ ಮಾಡುತ್ತಾರೆಂದೂ, ಆಸ್ಪತ್ರೆಯಲ್ಲಿ ಹೇಳಿದರೆ ಕೋಲು ಹಿಡಿದವನು ಪಾಪ ಏನು ಮಾಡಿಯಾನು ಎಂದು ಮೇಲಿನವರು ನಕ್ಕರೆಂದೂ ತಿಳಿಸಿದರು. ಅವರ ಮಗಳು ಕಿಟಕಿಯ ಹತ್ತಿರ ಹೋಗುವುದನ್ನೇ ಬಿಟ್ಟಿದ್ದಾಳಂತೆ.

ಅಂದು ಗಂಡನನ್ನು ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಅವಳು ನನ್ನ ಕೈ ಹಿಡಿದಿದ್ದು ಸುಳ್ಳಾ? ನೀನೇ ನೋಡಿದೀಯಲ್ಲ" ಎಂದರು. ಅದು ಅವರ ಕೆಲಸ, ಎಲ್ಲ ರೋಗಿಗಳ ಕೈಯನ್ನೂ ಹಾಗೇ ಹಿಡಿಯುತ್ತಾರೆ ಎಂದು ಬಿಡಿಸಿ ಹೇಳಿದೆ. ತಮಗೆ ಉಣಿಸಿದ, ಮೈ ಒರೆಸಿದ ನನ್ನ ಕೈಯ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮರುದಿನದಿಂದ ಗುಂಡಿ ಹಾಕಿಕೊಡುವುದನ್ನು ನಿಲ್ಲಿಸಿದೆ. ಗುಂಡಿ ಹಾಕದೆಯೇ ಹೋದರು.

ನಿನ್ನೆ ಸಂಜೆ ಆರು ಗಂಟೆಗೆ ನಾನು ಅವರ ಹಿಂದೆಯೇ ಹೋದೆ. ಸುಮಾರು ಇಪ್ಪತ್ತು ಅಡಿ ದೂರದಲ್ಲಿದ್ದೆ. ಮೇಡಂ ಸ್ಕೂಟರ್ ನಿಲ್ಲಿಸಿ ಗೇಟು ತೆಗೆದರು. ನನ್ನ ಗಂಡ ಅಡ್ಡ ನಿಂತು, ಇನ್ನೊಂದೇ ಸಲ ಕೈ ಹಿಡಿದು ನಡೆಸು ಎಂದು ಬೇಡಿಕೊಂಡರು. ಮೇಡಂ ಆಗುವುದಿಲ್ಲ ಎಂದು ಒಳಗೆ ಹೋಗಿ ಗೇಟು ಹಾಕುತ್ತಿದ್ದಾಗ, ನನ್ನ ಗಂಡ ಎಡಗೈಯಲ್ಲಿದ್ದ ಕೋಲಿನಿಂದ ಅವರ ಮುಂಗೈಗೆ ಹೊಡೆದರು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಓಡಿಹೋಗಿ ಕೋಲು ಕಿತ್ತುಕೊಂಡೆ. ಆಸರೆ ತಪ್ಪಿ ನನ್ನ ಗಂಡ ನೆಲಕ್ಕೆ ಬಿದ್ದರು. ನಾನು ಎತ್ತಲಿಲ್ಲ. ಅವರನ್ನು ಅಲ್ಲಿದ್ದವರಿಗೆ ಬಿಟ್ಟು ಮೇಡಂ ಅವರನ್ನು ಆಸ್ಪತ್ರೆಗೆ ಕರೆದೊಯ್ದೆ.

ಪಟ್ಟಿ ಹಾಕುವಾಗ ಮೇಡಂ ಅಳಲಿಲ್ಲ. ಹಾಕಿ ಮುಗಿದ ಮೇಲೆ, ಕೆಲಸ ಬಿಡುತ್ತೇನೆ ಎಂದರು. ಕೈ ಕೂಡಿಕೊಳ್ಳುತ್ತದೆ, ದುಡುಕಬೇಡಿ ಎಂದೆ.

"ಮೂಳೆ ಕೂಡುತ್ತೆ ಅಕ್ಕಾ. ಬಿದ್ದವರನ್ನ ಕಂಡ್ರೆ ಕೈ ತಾನಾಗೇ ಮುಂದೆ ಹೋಗ್ತಿತ್ತಲ್ಲ, ಅದು ಇನ್ನು ಹೋಗಲ್ಲ" ಎಂದರು.



ಮನೆಯ ಮಾತು ಬೀದಿಗೆ ತರಬೇಡಿ ಅತ್ತಿಗೆ ಎಂದು ಮೈದುನ ಹೇಳಿದ್ದಾನೆ. ಚೆನ್ನಾಗಿ ಯೋಚಿಸಿದ್ದೀರಾ ಎಂದು ಸಾಹೇಬರೂ ಎರಡು ಸಲ ಕೇಳಿದರು. ಯೋಚಿಸಿದ್ದೇನೆ. ಕಣ್ಣಾರೆ ಕಂಡದ್ದನ್ನು ನ್ಯಾಯಾಲಯದಲ್ಲೂ ಹೇಳುತ್ತೇನೆ.

ನನ್ನ ಗಂಡ ಈಗ ಈ ಠಾಣೆಯ ಲಾಕಪ್ಪಿನಲ್ಲಿದ್ದಾರೆ. ನೀರು ಕೊಡುವಾಗ ನಿಧಾನವಾಗಿ ಕೊಡಬೇಕು, ಬೇಗ ಕುಡಿದರೆ ನೆತ್ತಿಗೇರುತ್ತದೆ. ಬಲ ಮಗ್ಗುಲಿಗೆ ಮಲಗಿದರೆ ತಾವಾಗಿ ಹೊರಳಲು ಬರುವುದಿಲ್ಲ, ಯಾರಾದರೂ ಹೊರಳಿಸಬೇಕು. ಇದನ್ನೂ ಬರೆದುಕೊಳ್ಳಬೇಕೆಂದು ಕೇಳಿಕೊಂಡಿದ್ದೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ. ಹೆಚ್ಚಿಗೆ ಸೇರಿಸಿಲ್ಲ, ಏನನ್ನೂ ಮುಚ್ಚಿಟ್ಟಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಘಟನೆಯ ಮರುದಿನ, ಬೆಳಿಗ್ಗೆ
ಸಹಿ: (ಆರೋಪಿಯ ಹೆಂಡತಿ)