ಅಳಿಸೋ ಮುಂಚೆ ಹೆಸರು ಬದಲಾಯಿಸು

ಇದನ್ನ ನನಗೆ ಮೊದಲು ಹೇಳಿಕೊಟ್ಟೋಳು ಕನ್ನಡಕದಕ್ಕ. ಈಗ ನಾನು ಕೂತಿದೀನಲ್ಲ, ಈ ಕುರ್ಚಿ ಅವಳದೇ. ಯಾವ ಫೈಲನ್ನೂ ನೇರವಾಗಿ ಅಳಿಸಬೇಡ ಕಣೇ, ಮೊದಲು ಹೆಸರು ಬದಲಾಯಿಸಿ ಸುಮ್ಮನೆ ಕೂತ್ಕೋ, ಎಲ್ಲಿಂದ ಯಾರು ಕಿರುಚ್ತಾರೆ ನೋಡು, ಯಾರೂ ಕಿರುಚದಿದ್ರೆ ಆಮೇಲೆ ಅಳಿಸು ಅಂತ... ಅಯ್ಯೋ, ಈಗಲೇ ಅಳಿಸು ಅಂದೆನಾ ನಾನು? ತೆಗಿ ತಾಯಿ, ಮೌಸ್ ಮೇಲಿಂದ ಕೈ ತೆಗಿ! ನಮ್ಮ ಬಸ್ ಕಂಪನಿ ವೆಬ್‌ಸೈಟಿನ ಹಳೇ ಪುಟ ಸಂಜೆಯೊಳಗೆ ಹೋಗಬೇಕು ಅಂದಿದಾರೆ ಸಾಹೇಬ್ರು, ಸರಿ. ಸಂಜೆ ಇನ್ನೂ ಎದ್ದು ಮುಖಾನೇ ತೊಳೆದಿಲ್ಲ.

ಯಾಕೆ ನಗ್ತೀಯಾ? ಪುಟ ನೋಡಿ ತಾನೇ? ನಗು, ನಗು. ನೀಲಿ ಪಟ್ಟಿ, ಹಳದಿ ಅಕ್ಷರ, ಮೇಲೊಂದು ಕುಣಿಯೋ ಬಸ್ಸು. ಆ ಬಸ್ಸು ಮೊದಲ ಸಲ ಕುಣಿದಾಗ ಡಿಪೋದಿಂದ ಡ್ರೈವರುಗಳೆಲ್ಲ ಬಂದು ನನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದ್ರು, ಗೊತ್ತಾ? ಈಗ ಕುಣಿದ್ರೆ ಕಂಪನಿಗೆ ಅವಮಾನ.

ಅಷ್ಟಕ್ಕೂ ಅದರ ತಪ್ಪೇನು ಹೇಳು. ಯಾವ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದ್ರೆ ಹೇಳುತ್ತೆ. ಅದು ಸಾಲದಂತೆ! ಸಾಹೇಬ್ರು ಎಲ್ಲೋ ಭಾಷಣ ಕೇಳ್ಕೊಂಡು ಬಂದ್ರಲ್ಲ, ಜನಕ್ಕೆ ‘ಅನುಭವ’ ಕೊಡಬೇಕಂತೆ. ಬಸ್ಸು ತಪ್ಪೋದಕ್ಕಿಂತ ದೊಡ್ಡ ಅನುಭವ ಇನ್ಯಾವುದಿದೆ?

ಇಲ್ಲಪ್ಪ, ಹೊಸದು ಅಂದ್ರೆ ನನಗೇನೂ ಹೊಟ್ಟೆಯುರಿ ಇಲ್ಲ. ಹೊಸ ಪುಟ ಮಾಡಿದ್ದು ನಾನೇ ತಾನೇ! ಎಷ್ಟು ಕಂಡಿಲ್ಲ ಈ ಕಣ್ಣು... ಮೂಲೆ ಚೂಪಾಗಿರಲಿ ಅಂದ್ರು, ಮಾಡಿದೆ. ದುಂಡಗಿರಲಿ ಅಂದ್ರು, ಸವೆದ ಸೋಪಿನ ಹಾಗೆ ದುಂಡಗೆ ಮಾಡಿದೆ. ಬಟನ್ನಿಗೆ ನೆರಳು ಹಾಕು, ನೆರಳು ತೆಗಿ... ಈಗ ಮತ್ತೆ ನೆರಳು ಬೇಕಂತೆ! ಇನ್ನು ಪುಟ ಕಟ್ಟೋಕೆ ಅಂತ ಬರೋ ಆ ಫ್ರೇಮ್‌ವರ್ಕುಗಳು... ಹೊಸ ಅಳಿಯಂದಿರು ಕಣೇ ಅವು. ಬಂದ ಹೊಸದರಲ್ಲಿ ಮನೆಮಂದಿಯೆಲ್ಲ ಸುತ್ತ ಕುಣೀಬೇಕು, ಅವನು ಕೇಳಿದ್ದೇ ಅಡುಗೆ, ಆಡಿದ್ದೇ ಮಾತು. ಅಷ್ಟರಲ್ಲಿ ಇನ್ನೊಬ್ಬ ಬರ್ತಾನೆ. ಹಳೇ ಅಳಿಯನಿಗೆ ಲೋಟ ನೀರು ಕೊಡೋರೂ ಇರಲ್ಲ.

ಕಲಿತ್ರಾ ಅಂತ ಕೇಳ್ತೀಯಾ? ಏನು ಪ್ರಶ್ನೆ ಇದು! ‘ಹೊಸದು ಕಲಿಯದವರು ಬೇರೆ ಕುರ್ಚಿ ನೋಡ್ಕೊಳ್ಳಿ’ ಅಂತ ಸಾಹೇಬ್ರು ಎಲ್ಲರೆದುರಿಗೆ ಅಂದ್ರು. ಈ ವಯಸ್ಸಿನಲ್ಲಿ ಯಾರು ಎಳೆದು ಹಾಕ್ತಾರೆ ನನಗೆ ಇನ್ನೊಂದು ಕುರ್ಚಿ? ಕೂತೆ, ಪಾಠದ ವಿಡಿಯೋ ನೋಡಿದೆ. ಅದರಲ್ಲೊಬ್ಬ ಗಡ್ಡದವನು ಮಾತು ಮಾತಿಗೂ ‘ಇದು ತುಂಬಾ ಸುಲಭ’ ಅಂತಾನೆ. ಅವನ ತಲೆ! ನಾನು ಅರ್ಧ ಮುಗಿಸೋಷ್ಟರಲ್ಲಿ ಅದೇ ಗಡ್ಡ ಇನ್ನೊಂದು ವಿಡಿಯೋದಲ್ಲಿ ಬಂದು, ಅದನ್ನೆಲ್ಲ ಈಗ ಯಾರೂ ಬಳಸಲ್ಲ ಅಂದ. ಗಡ್ಡ ಮಾತ್ರ ಹಳೇದೇ.

ಆದ್ರೂ... ಮಾಡಿದೆನಲ್ಲ? ಸಾಹೇಬ್ರು ನನ್ನ ಕೈ ಕುಲುಕಿ, ಇವರನ್ನ ನೋಡಿ ಕಲೀರಿ ಅಂದ್ರಲ್ಲ? ನಿನ್ನನ್ನ ತಂದು ನನ್ನ ಪಕ್ಕ ಕೂರಿಸಿದ್ದೇ ಅದಕ್ಕೆ.

ಅದಿರಲಿ. ಹಳೇದು ಒಂದು ಮೂಲೆಯಲ್ಲಿ ಬಿದ್ದಿದ್ರೆ ಯಾರಿಗೆ ಭಾರ? ಜಾಗ ತಿನ್ನುತ್ತಾ? ನಿನ್ನ ಬೆಕ್ಕಿನ ಒಂದು ಫೋಟೋದಷ್ಟೂ ಇಲ್ಲ ಅದು! ಹಳೇ ಫೋನಿನ ಅಜ್ಜಿಯರು ನೋಡ್ತಾರೆ ಅನ್ನು. ನೆನಪಿಗೆ ಇರಲಿ ಅನ್ನು. ಅಳಿಸಿದೆ ಅಂತಲೇ ಹೇಳಿಬಿಡು, ಸಾಹೇಬ್ರು ಬಂದು ಹುಡುಕ್ತಾರಾ...

ಏನು ಟೈಪ್ ಮಾಡ್ತಿದೀಯಾ? ಹೆಸರು ಬದಲಾಯಿಸ್ತಿದೀಯಾ? ಪುಟ್ಟಿ, ಅದು ಬೇರೆ ಫೈಲುಗಳಿಗೆ ಕಣೇ, ಇದಕ್ಕಲ್ಲ... ಏಯ್! ಬೇಡ! ಬೇಡಾ!

...

ಹಾಗೆ ನೋಡಬೇಡ ನನ್ನ. ಪರದೆ ನೋಡು... ನೋಡಿದೆಯಾ? ಹೊಸ ಪುಟದಲ್ಲಿ ನೆರಳಿದೆ, ದುಂಡು ಮೂಲೆಯಿದೆ. ಒಂದು ಬಸ್ಸೂ ಇಲ್ಲ, ಸಮಯವೂ ಇಲ್ಲ.

ಹೂಂ. ಕಿರುಚಿದ್ದು ನಾನೇ.

ಹೊಸದರ ನಡುವೆ ಒಂದು ಕಿಟಕಿ ಕೊರೆದು, ಹಿಂದುಗಡೆ ಹಳೇ ಪುಟವನ್ನೇ ನಿಲ್ಲಿಸಿದೀನಿ. ಪಟ್ಟಿಗೆ ಬಿಳಿ ಬಳಿದೆ, ಕುಣಿಯೋ ಬಸ್ಸನ್ನ ಮುಚ್ಚಿಟ್ಟೆ... ಅಷ್ಟೇ ನನ್ನ ಹೊಸ ವಿದ್ಯೆ. ಇನ್ನೂ ಕೆಳಗೆ ಏನು ಓದ್ತೀಯಾ? ಓ, ಅದೂ ಸಿಕ್ತಾ. ಹಳೇ ಪುಟದಲ್ಲೂ ಅಂಥದೇ ಒಂದು ಕಿಟಕಿ ಇದೆ ಕಣೇ. ಹಳೇದರ ಹಿಂದೆ ಇರೋದು ಕನ್ನಡಕದಕ್ಕನ ಪುಟ. ಸಮಯವೆಲ್ಲ ಬರೋದು ಅಲ್ಲಿಂದಲೇ. ಹೇಗೆ ಅಂತ ನನಗೂ ಅರ್ಥವಾಗಿಲ್ಲ, ಮುಟ್ಟೋ ಧೈರ್ಯವೂ ಆಗಿಲ್ಲ.

ಫೋನು... ಸಾಹೇಬ್ರದ್ದಾ? ಎತ್ತಬೇಡ, ಎತ್ತಬೇಡ. ಅಲ್ಲ, ಎತ್ತೋದಾದ್ರೆ ಎತ್ತು. ನಿನ್ನಿಷ್ಟ. ಮೊದಲು ಆ ಹೆಸರು ವಾಪಸ್ ಹಾಕಿಬಿಡೇ, ಸ್ಟಾಪಿನಲ್ಲಿ ಜನ ಫೋನು ಹಿಡ್ಕೊಂಡು ನಿಂತಿರ್ತಾರೆ...

ಬಂತು. ಬಸ್ಸೆಲ್ಲ ಬಂತು.

ಎತ್ತಲಿಲ್ಲ ನೀನು.

ನಾಳೆ ಕುರ್ಚಿ ಇನ್ನಷ್ಟು ಹತ್ತಿರ ಎಳ್ಕೋ. ಆ ಗಡ್ಡದವನ ವಿದ್ಯೆ ನೀನು ಹೇಳಿಕೊಡು, ‘ಸುಲಭ’ ಅನ್ನೋ ಮಾತೊಂದು ಬಿಟ್ಟು. ಆಮೇಲೆ, ಮುಂದೆ ಯಾವಳೋ ಒಬ್ಬಳು ನಿನ್ನ ಪಕ್ಕ ಬಂದು ಕೂತಾಗ ಅವಳಿಗೂ ಹೇಳು, ಅಳಿಸೋ ಮುಂಚೆ ಹೆಸರು ಬದಲಾಯಿಸು ಅಂತ. ಯಾರು ಕಿರುಚ್ತಾರೆ ಅಂತ ದೂರ ಕಿವಿ ಕೊಡಬೇಡ, ಪಕ್ಕದ ಕುರ್ಚಿ ನೋಡು ಅಂತ.