ಬಾಪ್ಪಾನ ಫೋಲ್ಡರು

ಪುಣೆಯ ಹಿಂಜವಡಿಯ ಆಫೀಸೊಂದರಲ್ಲಿ ಲಿಫ್ಟಿಗೆ ಕಾಯುತ್ತಿದ್ದ ಮಂಡಿನೋವಿನ ಭಿಡೆ ಕಾಕಾನ ಕಿವಿಗೆ ಕೇತಕಿ, ಸುಹೃದರ ಮಾತು ಬಿತ್ತು. ಇಬ್ಬರೂ ಲಿಫ್ಟುಗಳಿಗೆ ಸಾಫ್ಟ್‌ವೇರ್ ಬರೆಯುವವರು.

"ಟೆಸ್ಟ್ ಓಡಿಸೋ ಆ ಮೇವನ್ ಟೂಲ್ ನಮ್ಮ ಟೆಸ್ಟ್ ಒಂದನ್ನೂ ಓಡಿಸೇ ಇಲ್ಲ ಕಣೋ."

"ದಿನಾ ಪಾಸ್ ಅಂತಿತ್ತಲ್ಲೇ?"

"ಅದು 'ಟೆಸ್ಟ್' ಅನ್ನೋ ಫೋಲ್ಡರ್ ಮಾತ್ರ ನೋಡೋದು, ಖಾಲಿ ಇದ್ರೂ ಪಾಸ್ ಅನ್ನತ್ತೆ. ನೀನು ಎಲ್ಲಾ ಪಾಸಾಗ್ಲಿ ಅಂತ ಟೆಸ್ಟ್‌ಗಳನ್ನ 'ಬಾಪ್ಪಾ' ಅನ್ನೋ ಫೋಲ್ಡರ್‌ಗೆ ಹಾಕಿದೀಯ."

"ಗಣಪತಿ ಹೆಸರು ಕಣೇ. ಸರಿ, ಅದರ ಜಾಗಕ್ಕೆ ಹಾಕಿ ಓಡಿಸು."

"ಓಡಿಸ್ದೆ. ಎಲ್ಲಾ ಫೇಲು."

"ಪಾಸಾಯ್ತು ಅಂತ ಸಾಹೇಬ್ರು ಪೇಢೆ ಬೇರೆ ಹಂಚಿದಾರೆ."

"ಅದಕ್ಕೇ ವಾಪಸ್ ಬಾಪ್ಪಾ ಹತ್ರಾನೇ ಬಿಟ್ಟೆ. ಈಗ ಎಲ್ಲಾ ಪಾಸು."

"ಜಾಣೆ. ಯಾವ ಲಿಫ್ಟಿಗೆ ಹಾಕಿದಾರೆ ಆ ಸಾಫ್ಟ್‌ವೇರನ್ನ?"

"ಇದಕ್ಕೇ. ನಿನ್ನೆ."

ಬಾಗಿಲು ತೆರೆಯಿತು.

"ನೀವು ಮೊದಲು, ಕಾಕಾ" ಎಂದು ಮರ್ಯಾದೆಯಿಂದ ಪಕ್ಕಕ್ಕೆ ಸರಿದು, ಇಬ್ಬರೂ ಮೆಟ್ಟಿಲ ಕಡೆ ನಡೆದರು.