ಮನೆಯವರನ್ನೂ ಕರೆತನ್ನಿ

ದರ್ಜಿ ಹೆಂಗಸು ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತೂಕಡಿಸುತ್ತಿದ್ದಳು. ಮುಂದಿನ ಸೀಟಿನಲ್ಲಿದ್ದ ಬಿಳಿ ಮೈಬಣ್ಣದ ಅತ್ತಿಗೆ ಮತ್ತು ಕಪ್ಪು ಮೈಬಣ್ಣದ ನಾದಿನಿಯ ಮಾತು ಕಿವಿಗೆ ಬಿದ್ದದ್ದೇ ನಿದ್ದೆ ಹಾರಿಹೋಯಿತು.

“ಮನೆ ನಿನ್ನೆನೇ ಬಾಡಿಗೆಗೆ ಹೋಯ್ತು ಅಂದ್ರು ಅತ್ತಿಗೆ, ಆ ಓನರ್ರು. ಬಾಗಿಲು ಪೂರ್ತಿ ತೆಗೀಲೂ ಇಲ್ಲ.”

“ಇನ್ನೇನಂದ್ರು?”

“ಯಾವ ದೇಶದವಳು ಅಂತ ಕೇಳಿದ್ರು. ಇದೇ ಊರಲ್ಲಿ ಹುಟ್ಟಿದೋಳು ಅಂದೆ. ಅದಕ್ಕೂ ಮೊದಲು ಎಲ್ಲಿಯವರು ಅಂದ್ರು.”

“ನೀನು ವಾಪಸ್ ಬಂದ ಮೇಲೆ ನಾನು ಹೋದೆ. ನಂಗೆ ಬಾಗಿಲೇನು, ಕಿಟಕಿಗಳನ್ನೂ ತೆಗೆದು ತೋರಿಸಿದ್ರು. ನಲ್ಲಿ ತಿರುಗಿಸಿ ನೀರು ಬಿಟ್ರು.”

“ಹಂಗಾದ್ರೆ ಖಾಲಿ ಇತ್ತಾ?”

“ಬಿಕೋ ಅಂತಿತ್ತು. ಕಂಡಕಂಡೋರಿಗೆಲ್ಲ ಕೊಡಲ್ಲ, ನಮ್ಮಂಥೋರೇ ಬೇಕು ಅಂದ್ರು. ನಾನು ಹೂಂಗುಟ್ಟಿದೆ.”

“ನೀವು ಹೂಂ ಅಂದ್ರಾ?”

“ಬೀಗದ ಕೈ ಸಿಗೋ ತನಕ ಅಂದೆ. ಸಿಕ್ತು. ಸಂಜೆ ಮನೆಯವರನ್ನೂ ಕರ್ಕೊಂಡು ಬನ್ನಿ, ನೋಡೋಣ ಅಂದ್ರು. ನಿಮ್ಮಣ್ಣ ಕೆಲಸ ಮುಗಿಸಿ ಬರ್ತಾರೆ. ಅದಕ್ಕೂ ಮೊದಲು ಓನರ್ರು ನಿನ್ನನ್ನ ನೋಡ್ಲಿ.”

“ನನ್ನ ಮುಖ ಕಂಡ್ರೆ ಓಡಿಸ್ತಾರೆ.”

“ಓಡಿಸ್ಲಿ. ನಿನ್ನೆ ಹೋದ ಮನೆ ಇವತ್ತು ಹೆಂಗೆ ವಾಪಸ್ ಬಂತು ಅಂತ ಹೊಸ್ತಿಲಲ್ಲೇ ನಿಂತು ಕೇಳೋಣ. ಬೀದಿಯವರೂ ಕೇಳಿಸ್ಕೊಳ್ಲಿ.”

“ಕೇಳೋದು ನಾನು,” ಎಂದಳು ನಾದಿನಿ. “ನೀವು ನಡುವೆ ಬಾಯಿ ಹಾಕ್ಬೇಡಿ.”

ಬಸ್ಸು ನಿಂತಿತು, ಇಬ್ಬರೂ ಇಳಿದರು. ದರ್ಜಿ ಕಿಟಕಿಯಿಂದ ಕತ್ತು ಚಾಚಿದಳು. ಎದುರಿನ ಮಾಲೀಕರ ಮನೆಯ ಹಸಿರು ಬಾಗಿಲ ಮುಂದೆ ಅತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಕರೆಗಂಟೆ ಒತ್ತಿದವಳು ನಾದಿನಿ. ಬಸ್ಸು ಹೊರಟರೂ ಅವಳು ಬೆರಳು ತೆಗೆದಿರಲಿಲ್ಲ.